ಗುತ್ಯಪ್ಪ ಕೆಲಸ ಮುಟ್ಟದ ದಿನ

ಎಲ್ಲದಕ್ಕೂ ಮೂಲ ಸಾಗರದ ತರಬೇತಿಯಲ್ಲಿ ಹಾಕಿದ ಮಧ್ಯಾಹ್ನದ ಊಟ. ಹೋಳಿಗೆ ಇತ್ತು, ಉಂಡವರೆಲ್ಲ ತೂಕಡಿಸಿದರು. ಗುತ್ಯಪ್ಪನ ಪಕ್ಕದಲ್ಲಿದ್ದ ಹೊಸನಗರ ಕಡೆಯ ಶ್ರೀಗೌರಿಯಂತೂ ಸೆರಗು ಹೊದ್ದು, ಗೋಡೆಗೊರಗಿ, ಸಣ್ಣಗೆ ಗೊರಕೆಯನ್ನೇ ಹೊಡೆದಳು. ಗುತ್ಯಪ್ಪನಿಗೆ ಹೋಳಿಗೆ ಸೇರುತ್ತಿರಲಿಲ್ಲ. ಹಾಗಾಗಿ, ಹಾಲಿನ ಸಂಘಗಳ ಕಾರ್ಯದರ್ಶಿಗಳಿಗೆ ನಾಯಕತ್ವ ಕಲಿಸಲು ಬಂದಿದ್ದ ರವಿಶಂಕರ್ ಹೇಳಿದ್ದೆಲ್ಲ ಅವನೊಬ್ಬನ ಕಿವಿಗೆ ಸರಿಯಾಗಿ ಬಿತ್ತು.

"ನಾಯಕ ಅಂದ್ರೆ ಕೆಲಸ ಮಾಡೋನಲ್ಲ, ಮಾಡಿಸೋನು. ಸಂಘದ ಕೆಲಸ ಬನ್ನಿ ಅಂದ್ರೆ ಒಬ್ಬರೂ ಬರಲ್ಲ. ನಿಮ್ಮ ಸ್ವಂತ ಹೆಸರಲ್ಲಿ ಕರೀರಿ. 'ನನಗೋಸ್ಕರ ಬನ್ನಿ' ಅನ್ನಿ. ಬಂದ್ರು ಅಂದ್ರೆ ನೀವು ನಾಯಕರು!"

ಮುಂದಿನ ವಾರ ಒಂದೊಂದೇ ಸಂಘ ನೋಡಲು ಬರುವುದಾಗಿಯೂ, ಜನ ಕಟ್ಟಿ ಕೆಲಸ ಮಾಡಿಸಿದವರಿಗೆ ಮೇಲ್ವಿಚಾರಕರ ಹುದ್ದೆ ಕೊಡುವುದಾಗಿಯೂ ಹೇಳಿದರು.

ಆ ಹುದ್ದೆಗೆ ಸಂಬಳ ಎಷ್ಟೆಂದು ಗುತ್ಯಪ್ಪ ಕೇಳಲಿಲ್ಲ. ಅದಕ್ಕೆ ಆಫೀಸಿನ ಹೊತ್ತು ಎಂಬುದಿತ್ತು, ಅಷ್ಟು ಸಾಕಿತ್ತು. ಮದುವೆಯಾದಾಗಿನಿಂದ ಅವನು ಬೆಳಕು ಹರಿದ ಮೇಲೆ ಎದ್ದವನಲ್ಲ. ಹಬ್ಬವಿರಲಿ, ಜ್ವರವಿರಲಿ, ಎಮ್ಮೆಗಳು ರಜೆ ಹಾಕುತ್ತಿರಲಿಲ್ಲ. ಕತ್ತಲಲ್ಲೇ ಸಂಘದ ಬಾಗಿಲು ತೆಗೆದು ಊರಿನ ಹಾಲು ಅಳೆಯಬೇಕಿತ್ತು. ಬಿಸಿಲು ಮುಖದ ಮೇಲೆ ಬೀಳುವವರೆಗೆ ಒಮ್ಮೆ ಮಲಗಬೇಕು ಎಂಬುದು ಅವನ ಬದುಕಿನ ಗುರಿಯಾಗಿತ್ತು.

ರವಿಶಂಕರ್ ಬರುವ ದಿನ ಬೆಳಗಿನ ಹಾಲು ಮುಗಿದ ಕೂಡಲೇ ಗುತ್ಯಪ್ಪ ಸಂಘದ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ.

"ದಿನೇಶಾ, ಇವತ್ತು ನಾನು ಕೆಲಸ ಮುಟ್ಟೋದಿಲ್ಲ."

ಹಾಲು ಪರೀಕ್ಷೆ ಮಾಡುವ ದಿನೇಶ ಕ್ಯಾನು ತೊಳೆಯುವುದನ್ನು ನಿಲ್ಲಿಸಿದ. "ಯಾಕೆ ಗುತ್ಯಣ್ಣ, ಸೂತಕವಾ?"

"ಅಲ್ಲ ಮಾರಾಯ, ಇವತ್ತು ನಾನು ನಾಯಕ. ಗೋಡೆಗೆ ಸುಣ್ಣ ಆಗ್ಬೇಕು. ನನಗೋಸ್ಕರ ಮಾಡ್ತೀಯಾ?"

ದಿನೇಶ ಸ್ವಲ್ಪ ಯೋಚಿಸಿದ. "ನಿನಗೋಸ್ಕರವಾ? ಮಾಡಾಣ. ಅಲ್ಲ, ಹೆಂಚಿನ ಮಾಡು ಹತ್ತಿದ್ರೆ ನಿಂಗೆ ತಲೆ ಗಿಲೆ ತಿರುಗ್ತದಾ?"

"ಇಲ್ಲಪ್ಪ."

"ಒಳ್ಳೇದಾತು," ಎಂದು ದಿನೇಶ ಶಿಳ್ಳೆ ಹಾಕುತ್ತ ಹೋದ.

ಹಾಲು ಹಾಕಿ ಹೊರಟಿದ್ದ ವೆಂಕಮ್ಮನನ್ನು ಗುತ್ಯಪ್ಪ ಕರೆದ. ಎರಡು ಎಮ್ಮೆಗಳ ಒಡತಿ. ಅವಳ ಬಾಯಿಗೆ ಊರೇ ದಾರಿ ಬಿಡುತ್ತಿತ್ತು.

"ಅಕ್ಕಾ, ಅಂಗಳದ ಕಳೆ ತೆಗೆದು ಗುಡಿಸ್ಬೇಕಿತ್ತು. ನನಗೋಸ್ಕರ ಒಂದಿಷ್ಟು ಹೆಣ್ಣಾಳು ಕರ್ಕೊಂಡು ಬರ್ತೀಯಾ?"

ವೆಂಕಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಸಂತೆಯಲ್ಲಿ ಹೋರಿ ನೋಡುವ ಹಾಗಿತ್ತು ಆ ನೋಟ. "ಸೊಂಟನೋವು ಅಂತಿದ್ದೆ, ಹೆಂಗೈತೆ ಈಗ?"

"ಪೂರಾ ಹೋಗ್ಬಿಟ್ಟದೆ ಅಕ್ಕಾ."

"ಹಂಗಾರೆ ಬರ್ತೀವಿ ಬಿಡು."

ನಾಯಕನಾದವನ ಆರೋಗ್ಯವನ್ನು ಜನ ಇಷ್ಟು ವಿಚಾರಿಸುತ್ತಾರೆಂದು ಗುತ್ಯಪ್ಪನಿಗೆ ಗೊತ್ತಿರಲಿಲ್ಲ. ಅವನ ಎದೆ ತುಂಬಿ ಬಂತು.

ಸಂಘದ ಅಧ್ಯಕ್ಷರು ಶ್ರೀಕಾಂತ ಹೆಗಡೆಯವರು. ಗೋಡೆ ಎತ್ತರ, ನನಗೋಸ್ಕರ ಒಂದು ಏಣಿ ಕೊಡಿ ಎಂದು ಗುತ್ಯಪ್ಪ ಕೇಳಿದಾಗ ಅವರು, "ಏಣಿ ಎಂಥಕ್ಕೆ? ನಮ್ಮ ಔಷಧಿ ಪಂಪ್ ತರ್ತೆ, ಅದ್ರಲ್ಲೇ ಸುಣ್ಣ ಹೊಡೆಯಾಣ," ಎಂದರು. ಅಡಿಕೆ ಕೊಳೆಯದಂತೆ ಮಳೆಗೆ ಮುಂಚೆ ಗೊನೆಗಳಿಗೆ ಔಷಧಿ ಹೊಡೆಯುವ ಪಂಪು ಅದು. ಹೊರಡುವ ಮುನ್ನ ಹೆಂಡತಿಗೆ ಫೋನ್ ಮಾಡಿದರು. "ಹೋಯ್, ಪೈಪ್ ಎಳೆಯಕ್ಕೆ ಆಳು ಹುಡ್ಕದು ಬ್ಯಾಡ ಮಾರಾಯ್ತಿ, ಸಿಕ್ಕಿದ್ದ." ಅದು ತೋಟದ ವಿಷಯ ಎಂದು ಗುತ್ಯಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂಪು ಶುರುವಾಯಿತು. ಗೋಡೆ ಬೆಳ್ಳಗಾಗುವ ಬದಲು ನವಿಲಿನ ಕುತ್ತಿಗೆಯಂತೆ ನೀಲಿಯಾಗತೊಡಗಿತು. ಪಂಪಿನ ಡ್ರಮ್ಮಿನ ತಳದಲ್ಲಿ ಅಡಿಕೆಗೆ ಹೊಡೆಯುವ ನೀಲಿ ಔಷಧಿ, ಹಳೆಯ ಮೈಲುತುತ್ತ, ಉಳಿದಿತ್ತು.

"ನಿಲ್ಸ್ರೋ!" ಎಂದು ಗುತ್ಯಪ್ಪ ಕುರ್ಚಿಯಿಂದ ಹಾರಿದ.

"ನೀನು ಮುಟ್ಟಬ್ಯಾಡ ಗುತ್ಯಣ್ಣ, ನೀನು ನಾಯಕ!" ಎಂದು ದಿನೇಶ ತಿರುಗಿದ. ಪೈಪೂ ಅವನೊಂದಿಗೆ ತಿರುಗಿತು. ಸಂಘದ ಬೋರ್ಡು ನೀಲಿಯಾಯಿತು, ಹಾಲಿನ ಕ್ಯಾನುಗಳು ನೀಲಿಯಾದವು, ಬೇಲಿಗೆ ಕಟ್ಟಿದ್ದ ವೆಂಕಮ್ಮನ ಎಮ್ಮೆ ಅರ್ಧ ನೀಲಿಯಾಗಿ ಹಗ್ಗ ಕಿತ್ತುಕೊಂಡು, ಗುಡಿಸಿಟ್ಟ ಕಳೆಯನ್ನೆಲ್ಲ ತುಳಿದು ಆನಂದಪುರದ ರಸ್ತೆ ಹಿಡಿಯಿತು.

"ಅಯ್ಯೋ ನಿನ್ನ ನಾಯಕತನಕ್ಕೆ ಬೆಂಕಿ ಹಾಕ!" ಎಂದಳು ವೆಂಕಮ್ಮ.

ಎಮ್ಮೆ ಹಿಡಿಯಲು ಆಳು ಬೇಕಾಯಿತು, ಕ್ಯಾನು ಉಜ್ಜಲು ಆಳು ಬೇಕಾಯಿತು, ಬೋರ್ಡು ತೊಳೆಯಲು ಆಳು ಬೇಕಾಯಿತು. ಗುತ್ಯಪ್ಪ ರಸ್ತೆಗೆ ಓಡಿ, ಹೋಗಿಬರುವವರನ್ನೆಲ್ಲ ಅಡ್ಡಗಟ್ಟಿ "ನನಗೋಸ್ಕರ, ನನಗೋಸ್ಕರ" ಎಂದ. ಆಶ್ಚರ್ಯವೆಂದರೆ ಒಬ್ಬರೂ ಇಲ್ಲವೆನ್ನಲಿಲ್ಲ. "ಕತ್ತಿ ಹಿಡಿಯೋಕೆ ಬರ್ತದಾ?", "ನೇಗಿಲು ಮರೆತಿಲ್ಲ ತಾನೇ?" ಎಂದು ಏನೇನೋ ಕೇಳಿ ಒಳಗೆ ಬಂದರು. ಸಂಜೆಯ ಹೊತ್ತಿಗೆ ಅರ್ಧ ಊರು ಅಂಗಳದಲ್ಲಿತ್ತು.

ರವಿಶಂಕರ್ ಜೀಪಿನಿಂದಿಳಿದವರು ಬಾಯಿ ತೆರೆದು ನಿಂತರು. "ಎಂಥಾ ಬಣ್ಣ! ಎಷ್ಟೊಂದು ಜನ! ಕೂಲಿ ಎಷ್ಟು ಕೊಟ್ರಿ?"

"ಒಂದು ಪೈಸೆ ಇಲ್ಲ ಸಾರ್. ಎಲ್ಲ ನನಗೋಸ್ಕರ ಬಂದವರು."

"ನೋಡಿ, ಇದು ನಾಯಕತ್ವ! ಗುತ್ಯಪ್ಪ, ಹುದ್ದೆ ನಿಮ್ಮದೇ. ಸೋಮವಾರವೇ ತೀರ್ಥಹಳ್ಳಿಗೆ ಬಂದು ಸೇರಬೇಕು."

ಗುತ್ಯಪ್ಪನ ಮುಖದ ಮೇಲೆ ಬೆಳಗಿನ ಬಿಸಿಲು ಬಿದ್ದಂತಾಯಿತು. ಆದರೆ ಅಂಗಳದಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಸೋಮವಾರ ಹೆಂಗೆ ಬರ್ತಾನೆ ಸಾರ್?" ಎಂದರು ಹೆಗಡೆಯವರು. "ನಮ್ಮ ತೋಟದಲ್ಲಿ ಔಷಧಿ ಹೊಡೆಯದು ಅವತ್ತೇ ಶುರು."

"ನಮ್ಮನೆ ಹೆಂಚು ತಿರುವೋದು ಯಾರು?" ಎಂದ ದಿನೇಶ.

ರವಿಶಂಕರ್‌ಗೆ ಅರ್ಥವಾಗಲಿಲ್ಲ. ವೆಂಕಮ್ಮ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. "ಸಂಘದ ಕೆಲಸ ಅಂದಿದ್ರೆ ನಾವು ಬರ್ತಿರಲಿಲ್ಲ ಸಾರ್. ಇವನು ತನ್ನ ಹೆಸರಲ್ಲಿ ಕರ್ದ. ಮುಯ್ಯಾಳಿಗೆ ಬಂದ್ವಿ. ನಾವು ಒಂದು ದಿನ ಮಾಡಿಕೊಟ್ರೆ ಅವನು ಒಂದು ದಿನ ಬಂದು ಮಾಡಿಕೊಡ್ಬೇಕು. ಇಲ್ಲಿರೋರಿಗೆಲ್ಲ ಒಂದೊಂದು ದಿನ. ಮುಯ್ಯಿ ತೀರಿಸದೆ ಊರು ಬಿಟ್ಟೋರು ಈ ಊರಲ್ಲಿ ಯಾರೂ ಇಲ್ಲ."

ಗುತ್ಯಪ್ಪ ಅಂಗಳದ ತುಂಬ ನಿಂತವರನ್ನು ನೋಡಿದ. ನಾಟಿ ಮುಗಿದು ಕೊಯ್ಲು ಬರುವವರೆಗೂ ಅವರು ಮುಗಿಯುವಂತೆ ಕಾಣಲಿಲ್ಲ.

ಹುದ್ದೆ ಖಾಲಿ ಬಿಡುವಂತಿರಲಿಲ್ಲ. ರವಿಶಂಕರ್ ಅಲ್ಲೇ ನಿಂತು ಒಬ್ಬೊಬ್ಬ ಕಾರ್ಯದರ್ಶಿಗೂ ಫೋನ್ ಮಾಡಿದರು. ಅರೆನಿದ್ದೆಯಲ್ಲಿ ಕೇಳಿಸಿಕೊಂಡವರೂ ತಮ್ಮ ತಮ್ಮ ಊರಲ್ಲಿ ಮುಯ್ಯಿ ತಲೆಗೆ ಹಾಕಿಕೊಂಡಿದ್ದರು. ಸೋಮವಾರ ಬರುತ್ತೇನೆಂದವಳು ಶ್ರೀಗೌರಿಯೊಬ್ಬಳೇ.

"ನೀವು ಜನ ಕಟ್ಟಿದ್ರಾ?" ಎಂದು ಅವರು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಎಲ್ಲರಿಗೂ ಕೇಳಿಸಿತು. "ನೀವು ಹೇಳಿದ್ದು ನಂಗೆ ನೆನಪೇ ಇಲ್ಲ ಸಾರ್. ಯಾರನ್ನೂ ಕರೀಲಿಲ್ಲ, ಇದ್ದ ಕೆಲಸ ನಾನೇ ಮಾಡ್ಕೊಂಡೆ."

ಜೀಪು ಹೋಯಿತು. ನೀಲಿ ಎಮ್ಮೆಯ ಹಗ್ಗ ಹಿಡಿದು ಹೊರಟಿದ್ದ ವೆಂಕಮ್ಮ ತಿರುಗಿ ನಿಂತಳು.

"ನಾಳೆ ಮೊದ್ಲು ನಮ್ಮ ಗದ್ದೆಗೆ ಗೊಬ್ಬರ ಹೊರೋದು ತಮ್ಮಾ. ಹಾಲು ಅಳೆಯೋ ಹೊತ್ತಿಗೆ ನೀನು ವಾಪಸ್ ಬರ್ಬೇಕಲ್ಲ, ಅದಕ್ಕೆ ಕೋಳಿ ಕೂಗೋದು ಕಾಯ್ಬೇಡ. ನಾನೇ ಬಂದು ಎಬ್ಬಿಸ್ತೀನಿ."