ಬಾಲ್‌ಕ್ರೇಗ್ ಗೋತ್ರ

ಮನೆಯಲ್ಲಿ ಒಬ್ಬರು ತೀರಿಕೊಂಡರೆ, ಉಳಿದವರ ಮೊದಲ ವರ್ಷ ದುಃಖದಲ್ಲಿ ಕಳೆಯುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಅದು ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ಕಳೆಯುತ್ತದೆ. ಬ್ಯಾಂಕಿನವರು ಕೇಳುತ್ತಾರೆ, ನಗರಸಭೆಯವರು ಕೇಳುತ್ತಾರೆ, ಫೋನಿನ ಅಂಗಡಿಯ ಹುಡುಗಿಯಂತೂ ‘ಸಂಪರ್ಕ ಕಡಿತಕ್ಕೆ ಅವರೇ ಬಂದರೆ ಅನುಕೂಲ’ ಎಂದು ಬಹಳ ವಿನಯದಿಂದ ಹೇಳಿದಳು. ನಾನು ಜಗಳದ ಹೆಂಗಸಲ್ಲ. ಜಪಾನಿಗೆ ಬಂದ ಮೇಲೆ ನನ್ನಲ್ಲಿದ್ದ ಚೂರುಪಾರು ಜಗಳವೂ ಕರಗಿಹೋಗಿತ್ತು; ರೈಲಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ನಾನೇ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುವಷ್ಟು ಪಳಗಿದ್ದೆ. ಹಾಗಾಗಿ ಎಲ್ಲ ಪ್ರಶ್ನೆಗಳಿಗೂ ತಲೆ ಬಗ್ಗಿಸಿ ಉತ್ತರ ಕೊಟ್ಟೆ. ಒಂದೇ ಒಂದಕ್ಕೆ ಮಾತ್ರ ಬಗ್ಗಲಿಲ್ಲ. ಅದನ್ನು ಕೇಳಿದವನು ನನ್ನ ಸ್ವಂತ ಅಣ್ಣ.

ನನ್ನ ಗಂಡ ಡಂಕನ್ ಬಾಲ್‌ಕ್ರೇಗ್ ಸ್ಕಾಟ್ಲೆಂಡಿನವನು. ಒಕಾಜಾಕಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಕಣ್ಣಿನ ಮೇಲೆ ಕೆಲಸ ಮಾಡುತ್ತಿದ್ದ. ನಾನು ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ, ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸಕ್ಕೆಂದು ನಗೋಯಾಕ್ಕೆ ಬಂದವಳು. ನಮ್ಮ ಮದುವೆ ಇಲ್ಲಿನ ನಗರಸಭೆಯ ಕೌಂಟರಿನಲ್ಲಿ ಆಯಿತು. ಪುರೋಹಿತರೂ ಇಲ್ಲ, ಪಾದ್ರಿಯೂ ಇಲ್ಲ. ಗುಮಾಸ್ತ ಎದ್ದು ನಿಂತು ನಡು ಬಗ್ಗಿಸಿ ಅಭಿನಂದಿಸಿದ, ಮುಗಿಯಿತು. ಆಗ ತಪ್ಪಿಸಿಕೊಂಡ ಶಾಸ್ತ್ರಗಳೆಲ್ಲ ಡಂಕನ್ ಹೋದ ಮೇಲೆ ಮೊದಲ ವರ್ಷದ ತಿಥಿ ಹತ್ತಿರ ಬಂದಾಗ ಒಟ್ಟಿಗೆ ಬಂದು ಬಾಗಿಲು ತಟ್ಟಿದವು.

“ವತ್ಸಲಾ, ನಮ್ಮ ಶಾಸ್ತ್ರಿಗಳು ವಿಡಿಯೋ ಕಾಲಲ್ಲೇ ಮಾಡಿಸ್ತೀನಿ ಅಂದ್ರು. ಮಗಳು ಮೀರಾನೇ ಮಾಡ್ಲಿ, ಬೇರೆ ಯಾರಿದ್ದಾರೆ ಅಂದ್ರು. ಒಳ್ಳೇ ಮನುಷ್ಯ. ಡಂಕನ್‌ದು ಗೋತ್ರ ಯಾವ್ದು ಅಂತ ಕೇಳಿದ್ರು ಕಣೇ,” ಎಂದ ಶ್ರೀಧರಣ್ಣ, ಊರಿನಿಂದ ಫೋನಿನಲ್ಲಿ.

“ಬಾಲ್‌ಕ್ರೇಗ್.”

“ಅದು ಸರ್‌ನೇಮು. ಹೋಗ್ಲಿ ಬಿಡು, ಗೋತ್ರ ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಅಂತ ಹೇಳೋ ಪದ್ಧತಿ ಇದೆ. ಹಾಗೇ ಹೇಳ್ಸಿಬಿಡೋಣ.”

“ಗೊತ್ತಿಲ್ದೋರು ಯಾರು? ಅವನ್ಯಾರು ಅಂತ ನಂಗೆ ಗೊತ್ತು.”

“ಹಾಗಾದ್ರೆ ಅವನ ಹಿಂದಿನ ಮೂರು ತಲೆ ಹೆಸರು ಹೇಳು ನೋಡೋಣ. ಅದೂ ಬೇಕು.”

ಅಪ್ಪ ಹೇಮಿಷ್ ಎಂದೆ. ಅಜ್ಜ ರಾಬರ್ಟ್ ಎಂದೆ. ಮುತ್ತಜ್ಜನ ಹೊತ್ತಿಗೆ ಬಾಯಿ ಕಟ್ಟಿತು. “ಆಯ್ತಲ್ಲ, ಕಾಶ್ಯಪ,” ಎಂದು ಅಣ್ಣ ತೀರ್ಪು ಕೊಟ್ಟ.

ಕಾಶ್ಯಪರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಇಲ್ಲಿನ ರೈಲು ನಿಲ್ದಾಣಗಳಲ್ಲಿ ಜನ ಮರೆತುಹೋದ ಕೊಡೆಗಳನ್ನೆಲ್ಲ ತಂದು ಒಂದು ಕಡೆ ಸಿಕ್ಕಿಸಿ ಇಟ್ಟಿರುತ್ತಾರೆ. ಒಂದೇ ಬಣ್ಣ, ಒಂದೇ ಹಿಡಿ, ವಾರಸುದಾರರಿಲ್ಲ. ನನ್ನ ಗಂಡನನ್ನೂ ಅಲ್ಲಿ ಸಿಕ್ಕಿಸಿಬಿಡುತ್ತಾರೆ ಅನ್ನಿಸಿತು. ಅವನಿಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಅವನಿಗಿದ್ದ ಜಂಬವನ್ನು ಇಷ್ಟು ವರ್ಷ ಸಹಿಸಿದವಳು ನಾನು.

ಜಂಬದ ಪ್ರಮಾಣ ತಿಳಿಯಬೇಕಾದರೆ ಭೂಕಂಪದ ವರ್ಷದ ವಿಷಯ ಹೇಳಬೇಕು. ನಾವಿದ್ದ ಕಡೆ ಅಂದು ಆದದ್ದು ಇಷ್ಟೇ: ನೆಲ ದೋಣಿಯ ಹಾಗೆ ಬಹಳ ಹೊತ್ತು ತೂಗಿತು, ದೀಪಗಳು ಓಲಾಡಿದವು. ಆಮೇಲೆ ಟಿವಿಯಲ್ಲಿ ಊರುಗಳ ಮೇಲೆ ನುಗ್ಗಿದ ಸಮುದ್ರ ನೋಡಿದೆವು. ಅದರ ಬಗ್ಗೆ ಹಾಸ್ಯ ಮಾಡಲು ನನಗೆ ಬರುವುದಿಲ್ಲ. ಹೊರಟುಹೋಗಿ ಎಂದು ಎರಡೂ ದೇಶಗಳಿಂದ ಫೋನು ಬಂದವು, ಅಣ್ಣ ಅತ್ತೇ ಬಿಟ್ಟ. ಡಂಕನ್ ಮಾತ್ರ, “ಪಕ್ಕದ ಮನೆಯವರು ಎಲ್ಲಿಗೆ ಹೋಗ್ತಾರೆ? ಅವರು ಹೋದರೆ ನಾವೂ ಹೋಗೋಣ,” ಎಂದ. ಎಲ್ಲರ ಮನೆಯ ಹಾಗೆ ನಮ್ಮ ಬಾಗಿಲ ಬಳಿಯೂ ಒಂದು ತುರ್ತು ಚೀಲ ನೇತಾಡತೊಡಗಿತು. ನೀರು, ಟಾರ್ಚು, ಬಿಸ್ಕತ್ತು, ಮೀರಾಳ ಬಟ್ಟೆ ತುಂಬಿಸಿದೆ. ಮರುದಿನ ನೋಡಿದರೆ ಬಿಸ್ಕತ್ತು ಹೊರಗಿದೆ, ಅದರ ಜಾಗದಲ್ಲಿ ಅವನ ಕಿಲ್ಟು ಕೂತಿದೆ! ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ, ಹಸಿರು ಚೌಕಳಿಯ, ಮಣಭಾರದ, ನೆರಿಗೆಯ ಆ ಉಣ್ಣೆ ಬಟ್ಟೆಯನ್ನು ಸ್ಕರ್ಟ್ ಎಂದು ಯಾರಾದರೂ ಅಂದರೆ ಅವನು ಉಪನ್ಯಾಸ ಶುರುಮಾಡುತ್ತಿದ್ದ. “ನೆಲ ನಡುಗಿದಾಗ ಇದನ್ನ ಉಟ್ಕೊಂಡು ಓಡ್ತೀಯಾ?” ಎಂದು ಕೇಳಿದೆ. “ಶಿಬಿರದಲ್ಲಿ ಎಲ್ಲರೂ ಒಂದೇ ಥರ ಕಂಬಳಿ ಹೊದ್ದು ಕೂತಿರ್ತಾರೆ ವತ್ಸಲಾ. ನಾನ್ಯಾರು ಅಂತ ಗೊತ್ತಾಗೋದು ಬೇಡವಾ?” ಎಂದ. ಇಂಥವನನ್ನು ಕೊಡೆಗಳ ಜೊತೆ ಸಿಕ್ಕಿಸುವುದೆ?

ಹಾಗೆ ನಾನು ವಂಶಾವಳಿಯ ಸಂಶೋಧನೆಗೆ ಇಳಿದೆ. ಇಂಟರ್ನೆಟ್ಟಿನಲ್ಲಿ ಸ್ಕಾಟಿಷ್ ಮನೆತನದ ಹೆಸರು ಟೈಪ್ ಮಾಡಿದರೆ ಸಾಕು, ನಿಮ್ಮನ್ನು ರಾಜನ ಮನೆಗೆ ಸೇರಿಸಲು ಜನ ತುದಿಗಾಲಲ್ಲಿ ನಿಂತಿದ್ದಾರೆ. ಒಬ್ಬರು ಡಿಎನ್ಎ ಪರೀಕ್ಷೆಗೆ ಎಂಜಲು ಕಳಿಸಿ ಎಂದರು. ಇನ್ನೊಬ್ಬರು ಬಾಲ್‌ಕ್ರೇಗರಿಗೆ ಕೋಟೆಯಿತ್ತು ಎಂದು ಅದರ ಪಾಳುಗೋಡೆಯ ಚಿತ್ರ ಕಳಿಸಿದರು. ಮೂರನೆಯವರ ಪ್ರಕಾರ ಯಾವುದೋ ಯುದ್ಧದಲ್ಲಿ ಒಬ್ಬ ಬಾಲ್‌ಕ್ರೇಗ್ ರಾಜನ ಕುದುರೆ ಹಿಡಿದುಕೊಂಡಿದ್ದ. ಎಲ್ಲಿ ನೋಡಿದರೂ ಸರದಾರರು, ಖಡ್ಗಗಳು, ಧ್ಯೇಯವಾಕ್ಯಗಳು. ಇಡೀ ಸ್ಕಾಟ್ಲೆಂಡಿನಲ್ಲಿ ಹಂದಿ ಕಾಯಲು, ಪಾತ್ರೆ ತೊಳೆಯಲು ಒಬ್ಬನೂ ಇರಲಿಲ್ಲವೇ ಎಂದು ನನಗೆ ಸಂಶಯ ಬಂತು. ತಪ್ಪು ಹುಡುಕುವುದು ನನ್ನ ಕಸುಬು; ಎಲ್ಲವೂ ಸರಿಯಿದೆ ಎಂದು ತೋರಿಸುವ ಪ್ರೋಗ್ರಾಮನ್ನು ನಾನು ನಂಬುವುದಿಲ್ಲ.

ಕೊನೆಗೆ ಬದುಕಿರುವ ಒಬ್ಬರನ್ನು ಕೇಳಿದೆ. ಡಂಕನ್‌ನ ಸೋದರತ್ತೆ ಮೊರಾಗ್, ಸ್ಕಾಟ್ಲೆಂಡಿನಲ್ಲಿ ಎರಡು ಬೆಕ್ಕುಗಳ ಜೊತೆ ಇದ್ದಾರೆ, ಕಿವಿ ಸ್ವಲ್ಪ ಮಂದ. ಇಲ್ಲಿ ಸಂಜೆ, ಅಲ್ಲಿ ಅವರು ಬೆಳಗಿನ ಗಂಜಿ ಕುಡಿಯುತ್ತಿದ್ದರು. ವಿಡಿಯೋ ಕಾಲಿನಲ್ಲಿ ಮುತ್ತಜ್ಜನ ಹೆಸರು ಕೇಳಿದೆ.

“ಆ್ಯಂಡ್ರೂ. ನನಗೆ ಅಜ್ಜ. ಯಾಕೆ, ಏನಾದರೂ ಆಸ್ತಿ ಬಿಟ್ಟುಹೋಗಿದ್ದಾನಂತಾ?”

“ಇಲ್ಲ ಅತ್ತೆ. ಅವರು ರಾಜನ ಕುದುರೆ ಹಿಡಿದವರ ವಂಶ ಅಂತ…”

ಅವರು ನಕ್ಕ ರಭಸಕ್ಕೆ ಒಂದು ಬೆಕ್ಕು ಮೇಜಿನಿಂದ ಹಾರಿತು. “ಕುದುರೆಯಾ? ಹುಡುಗಿ, ಅವನು ಹೊಲದಲ್ಲಿ ಟರ್ನಿಪ್ ಗಡ್ಡೆ ಕೀಳ್ತಿದ್ದ! ಎಲ್ಲಿಂದಲೋ ನಡೆದುಕೊಂಡು ಬಂದು ಬಾಲ್‌ಕ್ರೇಗ್ ಅನ್ನೋ ಹೊಲದಲ್ಲಿ ಕೂಲಿಗೆ ನಿಂತ. ಬಾಲ್‌ಕ್ರೇಗಿನ ಆ್ಯಂಡ್ರೂ, ಬಾಲ್‌ಕ್ರೇಗಿನ ಆ್ಯಂಡ್ರೂ ಅಂತ ಊರವರು ಕರೆದರು, ಅದೇ ಉಳೀತು. ಅದಕ್ಕೆ ಮುಂಚೆ ಅವನ ಹೆಸರೇನು ಅಂತ ಯಾರಾದರೂ ಕೇಳಿದರೆ ಬೂಟು ಎಸೀತಿದ್ದ. ನನಗೂ ಒಂದು ಬಿದ್ದಿದೆ.”

ಸಮಾಧಾನಕ್ಕೆಂದು ಕಿಲ್ಟಿನ ಮಾತೆತ್ತಿದೆ.

“ಅದಾ? ಸ್ನೇಹಿತನ ಮದುವೆಗೆ ಅಂತ ಡಂಕನ್ ಬಾಡಿಗೆಗೆ ತಂದಿದ್ದು. ವಾಪಸ್ ಕೊಡೋದು ಮರೆತು ಜಪಾನಿಗೆ ಹೊರಟುಹೋದ. ಅಂಗಡಿಯವನು ಎಷ್ಟೋ ದಿನ ನನಗೆ ಫೋನ್ ಮಾಡ್ತಿದ್ದ.”

ಇದನ್ನು ನಾನು ಅಣ್ಣನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅವನು ಗೆದ್ದವರ ಮೃದು ದನಿಯಲ್ಲಿ, “ನೋಡಿದ್ಯಾ, ಅವರ ಲೆಕ್ಕದಲ್ಲೂ ಗೊತ್ತಿಲ್ದೋರೇ ಆಗೋಯ್ತು. ಹಟ ಯಾಕಮ್ಮ? ಕಾಶ್ಯಪದಲ್ಲಿ ಎಲ್ಲರಿಗೂ ಜಾಗ ಇದೆ,” ಎಂದ. ನನ್ನ ಹೆಸರಿನ ಮುಂದಿರುವ ಇನಿಷಿಯಲ್ಲು ನಾನು ಒಮ್ಮೆಯೂ ನೋಡಿರದ ಒಂದು ಹಳ್ಳಿಯದು, ಅದನ್ನು ಯಾರೂ ಪ್ರಶ್ನಿಸಿಲ್ಲ, ಬಾಲ್‌ಕ್ರೇಗ್ ಮಾತ್ರ ಹೇಗೆ ಸುಳ್ಳಾಯಿತು ಎಂದು ಆಮೇಲೆ ಹೊಳೆಯಿತು. ನನಗೆ ಉತ್ತರಗಳು ಹೊಳೆಯುವುದು ಯಾವಾಗಲೂ ಫೋನ್ ಇಟ್ಟ ಮೇಲೆಯೇ.

ಇಷ್ಟರ ಮೇಲೆ ಕಾಗೆಗಳ ಸಮಸ್ಯೆ. ಪಿಂಡವನ್ನು ಕಾಗೆ ಮುಟ್ಟಬೇಕೆಂದು ನಾವು ಕಾಯುತ್ತೇವೆ. ಜಪಾನಿನಲ್ಲಿ ಕಾಗೆ ಮುಟ್ಟಬಾರದೆಂದು ಕಾಯುತ್ತಾರೆ. ಇಲ್ಲಿನ ಕಾಗೆಗಳು ಕೋಳಿಯಷ್ಟು ದಪ್ಪ; ಬೆಳಿಗ್ಗೆ ಕಸದ ಚೀಲಗಳನ್ನು ಬಗೆದು ಬೀದಿಯೆಲ್ಲ ಹರಡುತ್ತವೆ. ಅದಕ್ಕೆ ಕಸದ ಮೇಲೆ ಬಲೆ ಹಾಸಿ, ಕಾಗೆ ಓಡಿಸುವ ಕೆಲಸ ಬೀದಿಯ ಮನೆಗಳಿಗೆ ಸರದಿಯಲ್ಲಿ ಬರುತ್ತದೆ. ತಿಥಿಯ ವಾರವೇ ನಮ್ಮ ಮನೆಯ ಸರದಿ! ಕಾಗೆ ಓಡಿಸಬೇಕಾದವಳೇ ಕಾಗೆ ಕರೆಯಬೇಕು. ಬೀದಿಯ ಹಿರಿಯಳಾದ ಹಯಾಶಿ-ಸಾನ್ ಬಳಿ ಹೋಗಿ ಮುಂಚಿತವಾಗಿಯೇ ತಪ್ಪೊಪ್ಪಿಕೊಳ್ಳೋಣ ಎಂದು ಕೊಂಬಿನಿ ಅಂಗಡಿಯಿಂದ ಒಂದು ಸಿಹಿ ಪೊಟ್ಟಣ ಹಿಡಿದು ಹೊರಟೆ. ಅವಳೂ ವಿಧವೆ, ಮುದುಕಿ. ಚಹಾ ಕೊಟ್ಟಳು. ಕಾಗೆಯಿಂದ ಶುರುವಾದ ನನ್ನ ಮಾತು, ಹರಕು ಜಪಾನಿಯಲ್ಲಿ, ಗೋತ್ರ, ಟರ್ನಿಪ್, ಬಾಡಿಗೆ ಕಿಲ್ಟಿನವರೆಗೂ ಹೋಯಿತು. ಮೀರಾ ಪಕ್ಕದಲ್ಲಿ ಕೂತು ಬಿಟ್ಟ ಪದಗಳನ್ನು ತುಂಬುತ್ತಿದ್ದಳು.

ಹಯಾಶಿ-ಸಾನ್ ಕೇಳಿಸಿಕೊಂಡು, ಗೋಡೆಯ ಮೇಲಿದ್ದ ಗಂಡನ ಪಟ ತೋರಿಸಿದಳು. “ಇವರು ಹುಟ್ಟಿದ್ದು ಬೇರೆ ಮನೆತನದಲ್ಲಿ. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮದುವೆಯಾಗಿ ಬಂದು ಇವರೇ ಹಯಾಶಿ ಆದರು, ಇಲ್ಲಿ ಅದು ಮಾಮೂಲು. ಈಗ ಹಯಾಶಿ ಮನೆತನದ ಸಮಾಧಿಯಲ್ಲಿ, ನಮ್ಮಪ್ಪನ ಪಕ್ಕದಲ್ಲೇ ಇದ್ದಾರೆ. ಇವರು ಹಯಾಶಿ ಅಲ್ಲ ಅಂತ ನಿಮ್ಮಣ್ಣ ನನ್ನೆದುರು ಹೇಳಲಿ ನೋಡೋಣ.” ಮುದುಕಿಯ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಾಗಿಲವರೆಗೆ ಬಂದು, “ಕಾಗೆ ಒಂದೇ ತಾನೆ?” ಎಂದಳು. ಒಂದೇ ಎಂದೆ. “ಹಾಗಾದರೆ ಸರಿ.”

“ಅಮ್ಮ, ಶೀ ಈಸ್ ಸೋ ಕೂಲ್,” ಎಂದಳು ಮೀರಾ.

ತಿಥಿಯ ಮಧ್ಯಾಹ್ನ ಬಾಲ್ಕನಿಯಲ್ಲಿ ಮೇಜಿನ ಮೇಲೆ ಏರ್ಪಾಡು. ಎಳ್ಳು ಇಲ್ಲಿ ಬೇಕಾದಷ್ಟು, ಜಪಾನಿನ ಅಂಟುಅನ್ನವಂತೂ ಪಿಂಡ ಕಟ್ಟಲೆಂದೇ ಹುಟ್ಟಿದ್ದು. ಮೀರಾ ತುರ್ತು ಚೀಲದಿಂದ ಕಿಲ್ಟು ತೆಗೆದು ಮೇಜಿನ ಪಕ್ಕಕ್ಕೆಳೆದ ಅವಳಪ್ಪನ ಕುರ್ಚಿಯ ಮೇಲೆ ಹರಡಿದಳು. ಅದು ಬೇರೆಯವರದಲ್ಲವೇ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಪರದೆಯಲ್ಲಿ ಶಾಸ್ತ್ರಿಗಳು, ಅವರ ಭುಜದ ಹಿಂದೆ ಅಣ್ಣನ ಅರ್ಧ ಮುಖ. ಸಂಕಲ್ಪ ಹೇಳುತ್ತಾ ಬಂದ ಶಾಸ್ತ್ರಿಗಳು ನಿಲ್ಲಿಸಿದರು.

“ಗೋತ್ರ ಏನು ಹೇಳ್ಲಮ್ಮ?”

“ಬಾಲ್‌ಕ್ರೇಗ್.”

“ವತ್ಸಲಾ…” ಎಂದಿತು ಅರ್ಧ ಮುಖ.

“ಬಾಲ್‌ಕ್ರೇಗ್ ಅಂತ್ಲೇ ಹೇಳಿ ಶಾಸ್ತ್ರಿಗಳೇ. ಇಲ್ದಿದ್ರೆ ಬೇಡ. ಬೇರೆಯವರ ಹೆಸರಿಗೆ ಇಟ್ಟ ಅನ್ನ ಅವನು ಮುಟ್ಟೋದಿಲ್ಲ.”

ಶಾಸ್ತ್ರಿಗಳು ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಆಮೇಲೆ ಗಂಟಲು ಸರಿಮಾಡಿಕೊಂಡು, “ಬಾಲ್‌ಕ್ರೇಗ್ ಗೋತ್ರಸ್ಯ” ಎಂದು, ಅನಾದಿಯಿಂದ ಅದೇ ಇತ್ತೇನೋ ಎಂಬಂತೆ ಸ್ವರ ಎಳೆದು ಹೇಳಿದರು. ಹೇಳಿದ್ದನ್ನು ಮೀರಾ ತನ್ನ ಜಪಾನಿ ನಾಲಿಗೆಯಲ್ಲಿ ಒಪ್ಪಿಸಿದಳು. ಅಭ್ಯಾಸಬಲದಿಂದ ಶಾಸ್ತ್ರಿಗಳು ಪ್ರತಿ ಹೆಸರಿಗೂ ಶರ್ಮ ಸೇರಿಸುತ್ತಾ ಹೋದರು: ಹೇಮಿಷ್ ಶರ್ಮ, ರಾಬರ್ಟ್ ಶರ್ಮ, ಆ್ಯಂಡ್ರೂ ಶರ್ಮ. ಟರ್ನಿಪ್ ಕೀಳುವವನು ಶರ್ಮನಾದದ್ದಕ್ಕೆ ನಾನು ತಕರಾರು ತೆಗೆಯಲಿಲ್ಲ. ಬೂಟು ಎಸೆಯುವುದಿದ್ದರೆ ಅವನೇ ಎಸೆದುಕೊಳ್ಳಲಿ.

ಕಾಗೆಯನ್ನು ಕರೆಯುವ ಪ್ರಮೇಯವೇ ಬರಲಿಲ್ಲ. ಮಂತ್ರ ಮುಗಿಯುವ ಮೊದಲೇ ಕಂಬಿಯ ಮೇಲೆ ಬಂದು ಕೂತು, ಎರಡು ಹೆಜ್ಜೆ ಹಾರಿ, ಎಲೆಗೇ ಬಾಯಿ ಹಾಕಿತು. ಎಲೆ ಮಗುಚಿ ತುಪ್ಪ, ಎಳ್ಳು, ಅನ್ನ ಎಲ್ಲ ಕಿಲ್ಟಿನ ಮೇಲೆ. ಕೆಳಗೆ ಬೀದಿಯಲ್ಲಿ ಹಯಾಶಿ-ಸಾನ್ ಮಡಿಸಿದ ಬಲೆ ಹಿಡಿದು ನಿಂತಿದ್ದಳು. ಕಾಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಬಂದರಾ?” ಎಂದಳು. ಬಂದರು ಎಂದೆ. ಅವಳು ಕಾಗೆಗೆ ನಡು ಬಗ್ಗಿಸಿದಳು. ವರ್ಷವಿಡೀ ತಡೆದಿಟ್ಟುಕೊಂಡಿದ್ದ ಅಳು ನನಗೆ ಬಂದದ್ದು ಆಗ. ಅಣ್ಣ ಪರದೆಯಾಚೆಯಿಂದ, “ಹೋಗ್ಲಿ ಬಿಡು ಪುಟ್ಟಿ, ಮುಟ್ತಲ್ಲ, ಮುಟ್ತಲ್ಲ,” ಎನ್ನುತ್ತಿದ್ದ.

ಮರುದಿನ ಕಿಲ್ಟನ್ನು ಡ್ರೈಕ್ಲೀನಿಂಗ್ ಅಂಗಡಿಗೆ ಒಯ್ದೆ. ಕೌಂಟರಿನ ಹುಡುಗಿ ಹೆಸರು ಕೇಳಿದಳು. ಮದುವೆಯಾದಾಗ ಪಾಸ್‌ಪೋರ್ಟ್ ಬದಲಿಸುವ ತಾಪತ್ರಯವೆಂದು ನಾನು ಹೆಸರು ಬದಲಿಸಿರಲಿಲ್ಲ. ಇಷ್ಟು ವರ್ಷ ಅಪ್ಪನ ಹೆಸರನ್ನೇ ಹೇಳಿಕೊಂಡು ಬಂದವಳು.

“ಬಾಲ್‌ಕ್ರೇಗ್,” ಎಂದೆ.

“ಅಪರೂಪದ ಹೆಸರು. ನಿಮ್ಮದೇನಾ?”

“ನಮ್ಮದೇ.” ಸ್ವಲ್ಪ ಜೋರಾಗಿಯೇ ಹೇಳಿದೆನೇನೋ, ಹಿಂದೆ ನಿಂತಿದ್ದವರು ತಲೆಯೆತ್ತಿ ನೋಡಿದರು. ಬೇಕಾದರೆ ಇಡೀ ವಂಶಾವಳಿ ಒಪ್ಪಿಸಲು ಸಿದ್ಧಳಾಗಿ ನಿಂತೆ. ಆದರೆ ಹುಡುಗಿ ಅಷ್ಟು ಹೊತ್ತಿಗೆ ಬಟ್ಟೆ ಬಿಡಿಸಿ, ನೆರಿಗೆಗಳ ಮೇಲೆ ಕೈಯಾಡಿಸುತ್ತಾ, “ಸ್ಕರ್ಟ್ ಒಂದು, ಅಲ್ಲವೇ?” ಎಂದಳು.

ಮೇಲಿನಿಂದ ಉಪನ್ಯಾಸ ಶುರುವಾದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದೆ ಮೂವರು ಕಾಯುತ್ತಿದ್ದರು.

“ಹೌದು,” ಎಂದೆ. “ಸ್ಕರ್ಟ್ ಒಂದು. ಸುಮಿಮಾಸೆನ್.”