ಮಹಾದೇವಿಯ ಸನ್ಮಾನಕ್ಕೆ ನಾನು ತಂದ ಸೀರೆ

ನೇಕಾರರ ಊರಾದ ಬನಹಟ್ಟಿಯ ಅಳಿಯನಾದ ಮಾತ್ರಕ್ಕೆ ಸೀರೆ ಗುರುತಿಸುವ ಕಣ್ಣು ತಾನಾಗಿಯೇ ಬಂದುಬಿಡುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಜಮಖಂಡಿಯ ನಮ್ಮ ಕಾಲೇಜಿನ ವೇದಿಕೆಯ ಮೇಲೆ, ತುಂಬಿದ ಸಭೆಯ ಸಮಕ್ಷಮದಲ್ಲಿ ಆ ನಂಬಿಕೆ ಸ್ವರ್ಗಸ್ಥವಾಯಿತು.

ಆಗ ನಾನು ಅಲ್ಲಿ ಕನ್ನಡ ಅಧ್ಯಾಪಕ. ಮಹಾದೇವಿ ನಮ್ಮ ವಿದ್ಯಾರ್ಥಿನಿ, ಬನಹಟ್ಟಿಯ ನೇಕಾರರ ಮಗಳು. ಖೋಖೋ, ಕಬಡ್ಡಿ, ಉದ್ದಜಿಗಿತ, ಭರ್ಜಿ ಎಸೆತ, ಓಟ! ಆಕೆ ಗೆಲ್ಲದ ಆಟವೆಂದರೆ ಇಸ್ಪೀಟು ಒಂದೇ, ಅದೂ ಆಡಿರಲಿಲ್ಲವಾದ್ದರಿಂದ. ಬೆಳಿಗ್ಗೆ ಮಗ್ಗದಲ್ಲಿ ಕೂತೆದ್ದು, ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ಆ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಧಾರವಾಡದಲ್ಲಿ ಒಂದು ತಿಂಗಳ ತರಬೇತಿ. ಆದರೆ ತಂದೆ ಗುರುಪಾದಪ್ಪನವರು ಒಪ್ಪಲೊಲ್ಲರು.

“ಆಟಾ ಆಡ್ಲಿ ಬಿಡ್ರಿ ಸರ, ಬ್ಯಾಡ ಅನ್ನೂದಿಲ್ಲ. ಆದ್ರ ತಿಂಗಳಗಟ್ಟಲೆ ಹ್ವಾದ್ರ ಮಗ್ಗಕ್ಕ ಯಾರ ಕೂಡ್ತಾರ? ನೀವು ಬರ್ತೀರೇನು?”

ನಾನು ದೀರ್ಘವಾಗಿ ಆಲೋಚಿಸಿ ಒಂದು ಉಪಾಯ ಕಂಡುಹಿಡಿದೆ. ಸಾರ್ವಜನಿಕ ಸನ್ಮಾನ! ತಂದೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮಗಳಿಗೆ ಉಡಿ ತುಂಬಿ ಸೀರೆ ಕೊಟ್ಟು, ನಾನು ಬರೆದ ಅಭಿನಂದನ ಪತ್ರವನ್ನು ಕೇಳಿಸಿದರೆ ಕಲ್ಲೂ ಕರಗಬೇಕು. ಪತ್ರ ನಾಲ್ಕೇ ಪುಟ.

ಸೀರೆ ತರುವ ಹೊಣೆಯನ್ನೂ ನಾನೇ ಕೇಳಿ ಪಡೆದೆ.

“ನಾನೂ ಬರ್ತೀನ್ರಿ,” ಎಂದಳು ಹೆಂಡತಿ. “ಧೋತರ ಯಾವುದು, ಟಾವೆಲ್ ಯಾವುದು ಅಂತ ತಿಳಿಯೂದಿಲ್ಲ ನಿಮಗ!”

“ಇದು ಕಾಲೇಜಿನ ಅಧಿಕೃತ ಕಾರ್ಯ,” ಎಂದು ಸಾರಿ ಒಬ್ಬನೇ ಬಸ್ಸು ಹತ್ತಿದೆ.

ಬನಹಟ್ಟಿಯ ಅಂಗಡಿಯವರು ಹತ್ತು ಸೀರೆ ಬಿಚ್ಚಿ ತೋರಿಸಿದರು. ನನ್ನ ಕಣ್ಣು ಹೋದದ್ದು ಮೂಲೆಯಲ್ಲಿ ಬದಿಗಿಟ್ಟಿದ್ದ ಹನ್ನೊಂದನೆಯದರ ಮೇಲೆ. ಹಸಿರು ಒಡಲು, ಕೆಂಪು ಅಂಚು, ಒಡಲಿನ ನಡುವೆ ಅಡ್ಡಲಾಗಿ ಒಂದೇ ಒಂದು ಸೂಕ್ಷ್ಮ ಗೆರೆ.

“ಅದ ಬ್ಯಾಡ್ರಿ ಸರ, ಬ್ಯಾರೆ ತೋರಸ್ತೀನಿ.”

ಒಳ್ಳೆಯ ಮಾಲನ್ನು ಬಚ್ಚಿಡುವುದು ವ್ಯಾಪಾರಿಗಳ ಹಳೆಯ ಉಪಾಯವೆಂದು ನನಗೆ ಗೊತ್ತಿಲ್ಲವೇ! “ಅದನ್ನ ಕಟ್ರಿ,” ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಕಟ್ಟಿಕೊಟ್ಟರು. ಮನೆಯಲ್ಲಿ ಹೆಂಡತಿಗೆ ಗಂಟು ಬಿಚ್ಚಲೂ ಬಿಡಲಿಲ್ಲ.

ಸನ್ಮಾನದ ದಿನ ಪತ್ರ ಓದಿದೆ. ಎರಡನೆಯ ಪುಟದ ಕೊನೆಗೆ ಪ್ರಾಚಾರ್ಯರು ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಮೂರನೆಯದರ ಕೊನೆಗೆ ಸಭೆಯೇ ಅದೇ ಆಸೆಯಿಂದ ತಟ್ಟಿತು. ಗುರುಪಾದಪ್ಪನವರು ಮಾತ್ರ ಆಕಳಿಸಿದರು.

ಕಡೆಯ ಅಸ್ತ್ರವೆಂದು ಸೀರೆ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. “ಈ ಅಪೂರ್ವ ಗೆರೆಯನ್ನು ಸಭಿಕರು ಗಮನಿಸಬೇಕು! ನಮ್ಮ ನೇಕಾರರ ಕಲೆಯ ಪರಾಕಾಷ್ಠೆ ಇದು!”

ಮಹಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೃತಜ್ಞತೆ ಎಂದು ಭಾವಿಸಿದೆ.

ಗುರುಪಾದಪ್ಪನವರು ಎದ್ದರು. ವೇದಿಕೆ ಹತ್ತಿ ಬಂದು ಗೆರೆಯ ಮೇಲೆ ಬೆರಳಾಡಿಸಿದರು.

“ಸರ, ಇದು ನಮ್ಮ ಮಗ್ಗದ್ದ ಐತಿ. ಇಲ್ಲೀತನಾ ಈಕಿ ನೇಯ್ದಾಳ. ಬಸ್ಸ ಹೋಗ್ತೈತಿ, ಖೋಖೋ ಪಂದ್ಯಾ ಐತಿ ಅಂತ ಇಲ್ಲೆ ಎದ್ದು ಓಡಿದ್ಲು. ಮುಂದ ನಾ ಕುಂತೆ. ಕೈ ಬದಲಾತು, ಗೆರಿ ಬಿತ್ತು. ಇದು ಕಲಾ ಅಲ್ರೀ, ಐಬು!”

ಸಭೆ ಸಿಡಿಯಿತು. ಹೆಂಗಸರ ಸಾಲಿನಿಂದ ಎಲ್ಲರಿಗಿಂತ ಮೇಲೆ ಕೇಳಿದ ನಗೆ ನನಗೆ ಚಿರಪರಿಚಿತವಾದದ್ದು.

ಮಹಾದೇವಿ ಮಾತ್ರ ನಗು ನಿಲ್ಲಿಸಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಧಾರವಾಡ ಕೈತಪ್ಪಿತೆಂದು ನನಗೂ ಖಾತ್ರಿಯಾಯಿತು. ಅವರು ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಚಿ, ಮಗಳ ಉಡಿಯಲ್ಲಿಟ್ಟರು.

“ಇಂಥಾ ಸೀರಿನೂ ಆರಿಸಿ ಆರಿಸಿ ಒಯ್ಯೋ ಮಂದಿ ಅದಾರಂದ್ರ ನಮಗೇನ ಚಿಂತಿ? ಹೋಗಿ ಬಾ ಮಗಳ. ಒಂದ ತಿಂಗಳ ನಾ ಹೆಂಗರ ನೇಯ್ತೀನಿ. ಹಾಳಾದ್ರ ಮಾಸ್ತರು ಅದಾರಲ್ಲ, ತಗೊಂತಾರ!”

ನಾಲ್ಕು ಪುಟಗಳಿಂದ ಆಗದಿದ್ದನ್ನು ನನ್ನ ಅಜ್ಞಾನ ಒಂದೇ ಗೆರೆಯಲ್ಲಿ ಸಾಧಿಸಿತ್ತು!

ಮಹಾದೇವಿ ಧಾರವಾಡಕ್ಕೆ ಹೋದಳು, ಕಪ್ಪುಗಳನ್ನು ಹೊತ್ತು ತಂದಳು. ಬಹಳ ವರ್ಷಗಳ ಮೇಲೆ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅದೇ ಸೀರೆ ಉಟ್ಟಿದ್ದಳು. “ಬಣ್ಣಾ ಹೋಗೇತ್ರಿ ಸರ, ನಿಮ್ಮ ಗೆರಿ ಮಾತ್ರ ಹಂಗ ಐತಿ,” ಎಂದು ನಕ್ಕಳು. ಹಸಿರು ಮಾಸಿದ ಆ ಒಡಲಿನಲ್ಲಿ, ಆಕೆ ಎದ್ದು ಓಡಿದ ಜಾಗ ಇನ್ನೂ ಸ್ಪಷ್ಟವಾಗಿತ್ತು.

ನನಗಂತೂ ಅಂದಿನಿಂದ ಸೀರೆ ಅಂಗಡಿಗಳಲ್ಲಿ ಒಂದು ಖಾಯಂ ಹುದ್ದೆ ದೊರೆತಿದೆ. ಹೆಂಡತಿ ಒಳಗೆ ಹೋದಾಗ ಹೊರಗೆ ಕೂತು ಚಪ್ಪಲಿ ಕಾಯುತ್ತೇನೆ.