ನನ್ನ ನೇತೃತ್ವದಲ್ಲಿ ಯುರೋಪು

ಬಹರೈನಿನ ಸಿತ್ರಾದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯನ್ನು ವರ್ಷಕ್ಕೊಮ್ಮೆ ಪೂರ್ತಿ ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಆಗ ಯಾವ ಪೈಪು ಯಾವಾಗ ಬಿಚ್ಚಬೇಕು, ಯಾರು ಎಷ್ಟು ಗಂಟೆಗೆ ಯಾವ ಏಣಿ ಹತ್ತಬೇಕು ಎಂದು ಪಟ್ಟಿ ಹಾಕುವವನು ನಾನು. ಇನ್ನೂರು ಜನ ನನ್ನ ಪಟ್ಟಿ ನೋಡಿಕೊಂಡೇ ಚಹಾ ಕುಡಿಯುತ್ತಾರೆ. ಅಂಥವನಿಗೆ ನಾಲ್ಕು ಜನರನ್ನು ಯುರೋಪು ಸುತ್ತಿಸಿ ತರುವುದು ಯಾವ ಮಹಾ ಕೆಲಸ?

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಹೆರಾಲ್ಡನಿಗೆ. ಗುಫೂಲ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನವನು. ಅದ್ಲಿಯಾದ ರೆಸ್ಟೋರೆಂಟೊಂದರಲ್ಲಿ ಅಡುಗೆಯವನು. ಅವನ ಹೆಂಡತಿ ಫ್ಲೇವಿ ನರ್ಸ್. ಅವರು ಮಂಗಳೂರಿನವರು, ನಾವು ಮಲ್ಪೆ ಕಡೆಯವರು. ಹದಿನಾರು ವರ್ಷಗಳಿಂದ ಎರಡು ಮನೆಗಳ ನಡುವೆ ಮೊಸರಿನ ಹೆಪ್ಪು, ಮೀನಿನ ಸಾರು ಮತ್ತು ಸಲಹೆಗಳು ಓಡಾಡುತ್ತಿವೆ.

"ಏಜೆಂಟಿಗೆ ಹೇಳುವ ಸದಣ್ಣ. ಬಸ್ಸಲ್ಲಿ ಕೂರಿಸಿ ಎಲ್ಲ ತೋರಿಸ್ತಾರೆ," ಎಂದ ಹೆರಾಲ್ಡ್.

"ಬಸ್ಸಲ್ಲಿ ಕೂರ್ಲಿಕ್ಕೆ ಯುರೋಪಿಗೆ ಹೋಗ್ಬೇಕಾ ಮಾರಾಯ? ನಾನಿದ್ದೇನಲ್ಲ!"

ಫ್ಲೇವಿಗೆ ಇದ್ದದ್ದು ಒಂದೇ ಆಸೆ: ಹಳೆಯ ಕೋಟೆ ಊರೊಂದರ ಗೋಡೆಯ ಮೇಲೆ ನಡೆಯಬೇಕು. ನನ್ನ ಹೆಂಡತಿ ವಾರಿಜಾಳಿಗೂ ಒಂದೇ. ಅವಳು ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸುತ್ತಾಳೆ. ಕಾಲೇಜಿನ ಕಾಲದಲ್ಲಿ ಸಿಕ್ಕಿದ ಒಂದು ಕ್ಯಾಲೆಂಡರ್ ಹಾಳೆಯನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಅದರಲ್ಲಿ ಒಬ್ಬಳು ಹೆಂಗಸು ಮೀನಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. "ನಮ್ಮ ದೊಡ್ಡಮ್ಮ ಹೀಗೇ ಕೂರ್ತಿದ್ರು," ಎನ್ನುತ್ತಾಳೆ ವಾರಿಜಾ. ಆ ಚಿತ್ರವನ್ನು ಅವಳು ಹತ್ತಾರು ಸಲ ನಕಲು ಮಾಡಿದ್ದಾಳೆ. ಆದರೆ ಹೆಂಗಸಿನ ಕೈಮೇಲೆ ಬಿದ್ದ ಬೆಳಕು ಒಂದು ಸಲವೂ ಸರಿಬಂದಿಲ್ಲವಂತೆ. ಮೂಲ ಚಿತ್ರ ಮ್ಯೂನಿಕ್ಕಿನ ಒಂದು ಮ್ಯೂಸಿಯಮ್ಮಿನಲ್ಲಿದೆ ಎಂದು ತಿಳಿದದ್ದೇ, ನಮ್ಮ ಪ್ರವಾಸದ ಊರು ಮ್ಯೂನಿಕ್ ಎಂದು ನಿಶ್ಚಯವಾಯಿತು.

ನಾನು ಇಂಗ್ಲಿಷಿನಲ್ಲಿ ಹನ್ನೊಂದು ಪುಟಗಳ ವೇಳಾಪಟ್ಟಿ ತಯಾರಿಸಿ ಲ್ಯಾಮಿನೇಟ್ ಮಾಡಿಸಿದೆ. ಅದರಲ್ಲಿ ಎಲ್ಲಕ್ಕೂ ಸಮಯವಿತ್ತು. ಶೌಚಕ್ಕೆ ಏಳು ನಿಮಿಷ. ಮಹಿಳೆಯರಿಗೆ ವಿಶೇಷ ರಿಯಾಯಿತಿ, ಒಂಬತ್ತು!

ಆದರೆ ಒಂದು ಸಂಗತಿ ಹೇಳಬೇಕು. ಬಹರೈನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ. ಇಪ್ಪತ್ತೆರಡು ವರ್ಷ ಹೀಗೆ ಬದುಕಿದವನ ಮೈಯಲ್ಲಿ ಭಾನುವಾರವೆಂದರೆ ಕಂಪೆನಿ ಬಸ್ಸಿನ ಹಾರ್ನು. ನನ್ನ ಪಟ್ಟಿಯೂ ಈ ಮೈಯೇ ಬರೆದದ್ದು. ನಾವು ಮ್ಯೂನಿಕ್ ತಲುಪಿದ್ದು ಶುಕ್ರವಾರ. ಶುಕ್ರವಾರ, ಶನಿವಾರಗಳ ಎದುರು ನಾನು ಬರೆದದ್ದು: "ರಜೆ. ಎಲ್ಲ ಬಂದ್. ಪಾರ್ಕುಗಳಲ್ಲಿ ವಿಹಾರ."

ಶನಿವಾರ ಪಾರ್ಕಿನಿಂದ ಪಾರ್ಕಿಗೆ ಹೋಗುವಾಗ ಅದೇ ಮ್ಯೂಸಿಯಮ್ಮಿನ ಮುಂದೆಯೇ ಹಾದುಹೋದೆವು. ವಾರಿಜಾ ನಿಂತಳು.

"ಇವ್ರೇ, ಜನ ಒಳಗೆ ಹೋಗ್ತಾ ಇದ್ದಾರಲ್ಲ?"

"ಅವರು ಸ್ಟಾಫ್ ಇರಬೇಕು," ಎಂದೆ.

"ಸಣ್ಣ ಮಕ್ಕಳು ಉಂಟಲ್ಲ?"

"ಸ್ಟಾಫಿನ ಮಕ್ಕಳು."

ಭಾನುವಾರ ಪಟ್ಟಿಯ ಪ್ರಕಾರ ಖರೀದಿ. ಬಾಡಿಗೆ ಮನೆಯ ಒಲೆಯಲ್ಲಿ ಹೆರಾಲ್ಡ್ ಅಡುಗೆ ಮಾಡುವನೆಂದೂ, ಅದಕ್ಕೆ ಬೇಕಾದ ಸಾಮಾನು ಆ ದಿನ ತರುವುದೆಂದೂ ಬರೆದಿದ್ದೆ. ಮೊದಲ ಅಂಗಡಿ ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು. ಐದನೆಯದರ ಗಾಜಿಗೆ ಮೂಗು ಒತ್ತಿ ನೋಡಿದ ಹೆರಾಲ್ಡ್, "ಸದಣ್ಣ, ಇಲ್ಲಿ ಸಂಡೇ ರಜೆ ಮಾರ್ರೆ!" ಎಂದ.

"ನೀವು ಕ್ರಿಶ್ಚಿಯನ್ನರು. ನಿಮಗಾದರೂ ಗೊತ್ತಿರಬೇಕಿತ್ತು," ಎಂದೆ ನಾನು, ನಾಯಕನಿಗೆ ಸಹಜವಾದ ಸಿಟ್ಟಿನಿಂದ.

"ಎಂತ ಗೊತ್ತಿರೂದು? ಅಲ್ಲಿ ಶುಕ್ರವಾರ ಚರ್ಚಿಗೆ ಹೋಗಿ ಹೋಗಿ ನಮ್ಗೆ ಭಾನುವಾರವೇ ಮರ್ತು ಹೋಗಿದೆ," ಎಂದಳು ಫ್ಲೇವಿ.

ಆ ಮಧ್ಯಾಹ್ನ, ನಮ್ಮ ಚೀಲದಲ್ಲಿದ್ದ ಊರಿನ ಚಕ್ಕುಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಉಪ್ಪು ಮೆಣಸು ಹಾಕಿ, ಹೆರಾಲ್ಡ್ ಒಂದು ಪದಾರ್ಥ ತಯಾರಿಸಿದ. ಅದಕ್ಕೆ ಅವನೂ ಹೆಸರಿಡಲಿಲ್ಲ.

ಸೋಮವಾರ ವಾರಿಜಾ ಇಳಕಲ್ ಸೀರೆ ಉಟ್ಟಳು. ಮೇಲೆ ಕೋಟು. ಸಂಬಂಧಿಕರ ಮನೆಗೆ ಹೊರಟವಳ ಹಾಗೆ ಕನ್ನಡಿ ನೋಡಿಕೊಂಡಳು. ಹತ್ತು ಗಂಟೆಗೆ ಸರಿಯಾಗಿ ನಾವು ಮ್ಯೂಸಿಯಮ್ಮಿನ ಮೆಟ್ಟಿಲ ಮೇಲಿದ್ದೆವು. ನನ್ನ ಪಟ್ಟಿಯಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲ. ಬಾಗಿಲು ಮಾತ್ರ ಹಾಕಿತ್ತು. ಮೆಟ್ಟಿಲು ಗುಡಿಸುತ್ತಿದ್ದ ಒಬ್ಬಾತ ನಮ್ಮನ್ನು ನೋಡಿ, ಪಾಪ, ಮೂರು ಸಲ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: ಸೋಮವಾರ ರಜೆ. ಶನಿವಾರ, ಭಾನುವಾರ ತೆರೆದಿತ್ತು.

ವಾರಿಜಾ ಸಿಟ್ಟು ಬಂದರೆ ಮಾತಾಡುತ್ತಾಳೆ, ಬೇಸರವಾದರೆ ಮಾತಾಡುವುದಿಲ್ಲ. ಆ ದಿನ ಮಾತಾಡಲಿಲ್ಲ. ಇಪ್ಪತ್ತು ಮೆಟ್ಟಿಲು ಇಳಿದಳು. ನಾನು ಎಣಿಸಿದೆ, ಬೇರೇನೂ ಮಾಡಲು ತೋಚದೆ.

ಮಂಗಳವಾರ ಫ್ಲೇವಿಯ ಕೋಟೆ ಊರು. ಇದಕ್ಕೆ ತಿಂಗಳ ಮೊದಲೇ ನಾನೇ ರೈಲು ಟಿಕೆಟ್ ತೆಗೆದಿದ್ದೆ. ಎರಡು ಕಡೆ ರೈಲು ಬದಲಿಸಿ, ಮೂರೂವರೆ ಗಂಟೆ ಪ್ರಯಾಣ ಮಾಡಿ ಇಳಿದೆವು. ಚೆಂದದ ಪುಟ್ಟ ಊರು. ನದಿ, ಸೇತುವೆ, ಬೇಕರಿ. ಆದರೆ ಕೋಟೆ ಕಾಣಲಿಲ್ಲ. ನಾಯಿಯೊಂದಿಗೆ ಬರುತ್ತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಹಿಂದೆ ಕೋಟೆ ಇದ್ದ ಜಾಗ ಎಂದೇನೋ ಹೇಳಿ, ಒಂದು ದಿಕ್ಕು ತೋರಿಸಿದರು. "ಹಿಂದೆ" ಎಂಬ ಮಾತಿಗೆ ನಾನು ಮಹತ್ವ ಕೊಡಲಿಲ್ಲ.

ಅಲ್ಲಿ ನಿಜಕ್ಕೂ ಒಂದು ಗೋಡೆ ಇತ್ತು. ಎಂಥ ಗೋಡೆ! ಎತ್ತರ, ಉದ್ದ, ಮೇಲೆ ಸುರುಳಿ ಸುರುಳಿ ತಂತಿ.

"ನೋಡಿ," ನಾನು ವಿವರಿಸಿದೆ, "ಮಧ್ಯಯುಗದಲ್ಲಿ ಶತ್ರುಗಳು ಹತ್ತಬಾರದೆಂದು ಇಷ್ಟು ಭದ್ರವಾಗಿ ಕಟ್ಟುತ್ತಿದ್ದರು."

ಹೆರಾಲ್ಡ್ ಕತ್ತೆತ್ತಿ ನೋಡಿದ. "ಆಗ್ಲೇ ಸಿಸಿಟಿವಿ ಇತ್ತಾ ಸದಣ್ಣ?"

"ಅದು ಪ್ರವಾಸಿಗರ ಸುರಕ್ಷತೆಗೆ," ಎಂದೆ. ಫ್ಲೇವಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನಾಲ್ಕು ಫೋಟೋ ತೆಗೆದೆ. ಗೋಡೆ ಹತ್ತುವ ಮೆಟ್ಟಿಲು ಎಲ್ಲಿದೆ ಎಂದು ಹುಡುಕುತ್ತ ಒಂದು ಕಬ್ಬಿಣದ ಗೇಟಿನ ಬಳಿ ಬಂದು ಬೆಲ್ ಒತ್ತಿದೆ.

ಗೇಟಿನ ಕಿಂಡಿ ತೆರೆಯಿತು. ಸಮವಸ್ತ್ರದ ಅಧಿಕಾರಿಯೊಬ್ಬ ನಮ್ಮನ್ನು ನೋಡಿದ. "ನಾಲ್ಕು ಜನ. ಒಳಗೆ ಹೋಗಲು ಟಿಕೆಟ್ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಯಾರನ್ನು ಭೇಟಿಯಾಗಲು ಬಂದಿದ್ದೀರಿ ಎಂದ. ಯಾರನ್ನೂ ಇಲ್ಲ, ಸುಮ್ಮನೆ ನೋಡಲು ಎಂದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿ, ಇದು ಜೈಲು ಎಂದ.

ಆಮೇಲೆ ನಡೆದದ್ದೆಲ್ಲ ಸೌಜನ್ಯದಿಂದಲೇ ನಡೆಯಿತು. ಫೋಟೋಗಳನ್ನು ಅವನ ಎದುರೇ ಅಳಿಸಿದೆ. ಪಾಸ್‌ಪೋರ್ಟ್ ತೋರಿಸಿದೆವು. ನನ್ನ ಪಟ್ಟಿಯನ್ನೂ ಅವನು ಕೇಳಿ ಓದಿದ. ಓದುತ್ತ ಓದುತ್ತ ಅವನ ಮೀಸೆ ಅಲುಗತೊಡಗಿತು. ಕೊನೆಗೆ ಊರಿನ ಹೆಸರಿನ ಮೇಲೆ ಬೆರಳಿಟ್ಟ. ಪ್ರಸಿದ್ಧ ಕೋಟೆಯ ಊರು ರೊಥೆನ್‌ಬರ್ಗ್. ಅದರ ಕಾಗುಣಿತದಲ್ಲಿ ಒಂದು ಎಚ್ ಇದೆ. ನಾವು ಬಂದಿದ್ದ ರೊಟ್ಟೆನ್‌ಬರ್ಗಿನಲ್ಲಿ ಅದಿಲ್ಲ. ಅದರ ಬದಲು ಜೈಲಿದೆ.

ಮಹಾಪ್ರಾಣ ಬಿಟ್ಟು ಬರೆದದ್ದಕ್ಕೆ ಮೂರನೆಯ ಕ್ಲಾಸಿನಲ್ಲಿ ಕನ್ನಡ ಮಾಸ್ತರರು ನನ್ನ ಬೆರಳಿನ ಗಂಟಿಗೆ ಹೊಡೆಯುತ್ತಿದ್ದರು. ಸಾಕಷ್ಟು ಹೊಡೆದಿರಲಿಲ್ಲ ಎಂದು ಈಗ ಅನಿಸುತ್ತದೆ.

"ಆ ಇನ್ನೊಂದು ಊರಿಗೆ ಈಗ ಹೋಗ್ಲಿಕ್ಕೆ ಆಗ್ತದಾ?" ಫ್ಲೇವಿ ಕೇಳಿದಳು. ನಾನು ಅದನ್ನೇ ಅಧಿಕಾರಿಗೆ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಗಡಿಯಾರ ನೋಡಿ ಆಗದೆಂದು ತಲೆಯಾಡಿಸಿದ. ಫ್ಲೇವಿಯ ಮುಖ ಬಾಡಿತು. "ಖಲ್ಲಿವಲ್ಲಿ," ಎಂದ ಹೆರಾಲ್ಡ್. ಹೋಗಲಿ ಬಿಡು ಎಂಬುದಕ್ಕೆ ಗಲ್ಫಿನಲ್ಲಿ ನಾವೆಲ್ಲ ಹೇಳುವ ಮಾತು ಅದು. ಆದರೆ ಅವನ ದನಿಯಲ್ಲಿ ಬಿಟ್ಟ ಹಾಗೆ ಇರಲಿಲ್ಲ. ವಾಪಸು ರೈಲಿನಲ್ಲಿ ಮೂವರೂ ಒಂದು ಕಡೆ ಕೂತರು. ನನ್ನ ಸುತ್ತ ಮೂರು ಸೀಟು ಖಾಲಿ ಇದ್ದವು.

ಬುಧವಾರ ಸಂಜೆ ವಿಮಾನ. ಬೆಳಿಗ್ಗೆ ವಾರಿಜಾ ಎದ್ದು ಅದೇ ಸೀರೆ ಉಟ್ಟಳು. "ನಾನು ಮ್ಯೂಸಿಯಮ್ಮಿಗೆ ಹೋಗ್ತೇನೆ. ನೀವು ಬರೂದಾದ್ರೆ ಹಿಂದೆ ಬನ್ನಿ. ಆ ಹಾಳೆಯಲ್ಲಿ ಎಂತ ಬರ್ದಿದೆ ಅಂತ ನನ್ಗೆ ಹೇಳ್ಬೇಡಿ."

ಹಿಂದೆ ಹೋದೆ. ಬಾಗಿಲು ತೆರೆದಿತ್ತು. ಎರಡನೆಯ ಮಹಡಿಯ ಮೂಲೆಯ ಕೋಣೆಯಲ್ಲಿ, ನಾವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕ ಚೌಕಟ್ಟಿನಲ್ಲಿ, ಮೀನಿನ ಬುಟ್ಟಿಯ ಹೆಂಗಸು ಕೂತಿದ್ದಳು. ವಾರಿಜಾ ಅವಳ ಎದುರು ನಿಂತಳು. ನನಗೆ ಏನಾದರೂ ಸಹಾಯ ಮಾಡಬೇಕೆನಿಸಿತು.

"ನೋಡು, ನೀನು ಹೇಳ್ತಿದ್ದ ಬೆಳಕು ಇಲ್ಲಿ ಉಂಟು!" ಎಂದು ಸುತ್ತಿ ಹಿಡಿದಿದ್ದ ಹನ್ನೊಂದು ಪುಟಗಳನ್ನು ಚಿತ್ರದ ತೀರಾ ಹತ್ತಿರಕ್ಕೆ ಚಾಚಿ ತೋರಿಸಿದೆ.

ಅಲಾರಂ ಹೊಡೆದುಕೊಂಡಿತು. ಎಷ್ಟು ಜೋರೆಂದರೆ, ಸಿತ್ರಾದಲ್ಲಿ ಗ್ಯಾಸ್ ಸೋರಿದಾಗಲೂ ಅಷ್ಟು ಜೋರಾಗಿ ಹೊಡೆಯುವುದಿಲ್ಲ. ಇಬ್ಬರು ಕಾವಲುಗಾರರು ಓಡಿ ಬಂದರು. ಚಿತ್ರಕ್ಕೆ ಏನೂ ಆಗಿರಲಿಲ್ಲ. ಅವರು ವಾರಿಜಾಳನ್ನು ನೋಡಿ ನಮ್ರತೆಯಿಂದ ತಲೆಬಾಗಿಸಿದರು. ನನ್ನನ್ನು ತೋಳು ಹಿಡಿದು ಕೆಳಗೆ, ಕೋಟು ಛತ್ರಿಗಳನ್ನು ಇಡುವ ಜಾಗಕ್ಕೆ ಕರೆತಂದು, ಒಂದು ಬೆಂಚು ತೋರಿಸಿದರು.

ಒಂದೂವರೆ ಗಂಟೆ ಆ ಬೆಂಚಿನ ಮೇಲೆ ಕೂತೆ. ಯುರೋಪಿನಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಛತ್ರಿಗಳನ್ನು.

ವಾರಿಜಾ ಇಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಸಿಕ್ತಾ?" ಎಂದೆ.

"ಅದು ಕಿಟಕಿ ಬೆಳಕಲ್ಲ," ಎಂದಳು. "ಮೀನಿನ ಹೊಳಪು ಕೈಗೆ ಬಿದ್ದದ್ದು. ನಮ್ಮ ದೊಡ್ಡಮ್ಮನ ಕೈಯೂ ಹಾಗೇ ಹೊಳೀತಿತ್ತು. ಕ್ಯಾಲೆಂಡರಲ್ಲಿ ಅದು ಹೇಗೆ ಕಾಣ್ತದೆ ಹೇಳಿ?" ಸೆರಗು ಸರಿಮಾಡಿಕೊಂಡು ಸೇರಿಸಿದಳು: "ಅವ್ರು ನಿಮ್ಮನ್ನು ಕರ್ಕೊಂಡು ಹೋದ್ಮೇಲೆ ಚೆಂದ ಮಾಡಿ ನೋಡ್ಲಿಕ್ಕಾಯ್ತು."

ನನ್ನ ನೇತೃತ್ವಕ್ಕೆ ಆ ಪ್ರವಾಸದಲ್ಲಿ ಸಿಕ್ಕಿದ ಏಕೈಕ ಪ್ರಶಂಸೆ ಅದು.

ಗುಫೂಲ್‌ಗೆ ಮರಳಿ ಎರಡು ತಿಂಗಳಾಗಿದೆ. ಮುಂದಿನ ವರ್ಷ ಫ್ಲೇವಿಯ ಕೋಟೆ ಊರಿಗೆ ಮತ್ತೆ ಹೋಗುವುದೆಂದು ತೀರ್ಮಾನವಾಗಿದೆ. ಫ್ಲೇವಿಯೂ ವಾರಿಜಾಳೂ ಸೇರಿ ಅದಕ್ಕೊಂದು ವಾಟ್ಸ್ಯಾಪ್ ಗುಂಪು ಮಾಡಿದ್ದಾರೆ. ದೊಡ್ಡ ಮನಸ್ಸು ಮಾಡಿ ನನ್ನನ್ನೂ ಸೇರಿಸಿದ್ದಾರೆ. ಸಂತೋಷದಿಂದ ಒಂದೆರಡು ಅಮೂಲ್ಯ ಸಲಹೆ ಬರೆಯಲು ಹೊರಟೆ. ಬರೆಯುವ ಜಾಗದಲ್ಲಿ ಒಂದು ಸಾಲು ಕಂಡಿತು: ಈ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು.